ಹೊಟ್ಟೆಯಡಿಯ ಹೆಬ್ಬೆಟ್ಟು

ಪಾಲಿಮರ್ ಕ್ಲೇ ಎಂಬ ಕೃತಕ ಜೇಡಿಯಲ್ಲಿ ಮಾಡಿದ ಡೈನೋಸಾರ್ ಓವನ್ನಿನಲ್ಲಿ ಬೆಂದೊಡನೆ ಜೀವ ತಳೆದು ಎದ್ದು ನಿಲ್ಲುತ್ತದೆ. ಹೊಟ್ಟೆಯಡಿ ಯಾರ ಹೆಬ್ಬೆಟ್ಟಿನ ಗುರುತಿದೆಯೋ, ಬದುಕಿರುವ ತನಕ ಅದು ಅವರದೇ. ಧಾರವಾಡದಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು.

ಪ್ರಭಾವತಿ ನಾಲ್ಕು ತಿಂಗಳು ಕೂತು ಅಂಗೈಯಗಲದ, ಮೂರು ಕೊಂಬಿನ ಟ್ರೈಸೆರಾಟಾಪ್ಸ್ ಡೈನೋಸಾರ್ ಮಾಡಿದ್ದಳು. ಚರ್ಮದ ಒಂದೊಂದು ಸುಕ್ಕನ್ನೂ ಸೂಜಿಯಲ್ಲಿ ಕೊರೆದು, ಕೊನೆಗೆ ಹೊಟ್ಟೆಯಡಿ ಹೆಬ್ಬೆಟ್ಟು ಒತ್ತಿದ್ದಳು. ಓವನ್ ಇದ್ದದ್ದು ಮಾತ್ರ ಪಕ್ಕದ ಮನೆಯ ಕಸ್ತೂರಕ್ಕನ ಪಡಸಾಲೆಯಲ್ಲಿ.

"ನಾ ಇಡ್ತೀನಿ ತಗೋ. ನೀ ಒಳಗ ಹೋಗಿ ಚಹಾ ಮಾಡು," ಎಂದಳು ಕಸ್ತೂರಕ್ಕ. ಪ್ರಭಾವತಿ ಯಾಲಕ್ಕಿ ಜಜ್ಜಿ ಹಾಕಿ ಚಹಾ ಮಾಡಿ ತಂದಳು.

ಅರ್ಧ ಗಂಟೆಯ ಮೇಲೆ ಓವನ್ ತೆರೆದಾಗ ಪ್ರಾಣಿ ಮೈ ಕೊಡವಿಕೊಂಡು ಹೊರಬಂತು. ಪ್ರಭಾವತಿ ಅಂಗೈ ಚಾಚಿದಳು. ಅದು ಮೂಸಿ ನೋಡಿ, ಪಕ್ಕಕ್ಕೆ ಸರಿದು, ಕಸ್ತೂರಕ್ಕನ ಕೈ ಏರತೊಡಗಿತು. ಏರುವಾಗ ಹೊಟ್ಟೆ ಕಂಡಿತು. ಅಲ್ಲಿದ್ದ ಹೆಬ್ಬೆಟ್ಟಿನ ನಡುವೆ ಒಂದು ಅಡ್ಡಗೆರೆ. ಕಸ್ತೂರಕ್ಕ ಹಿಂದೊಮ್ಮೆ ಈಳಿಗೆಯಲ್ಲಿ ಹೆಬ್ಬೆರಳು ಕೊಯ್ದುಕೊಂಡ ಗಾಯದ್ದು.

"ನನ್ನ ಗುರ್ತು ಒರಸಿ ನಿಂದು ಒತ್ತೀಯಲ್ಲಕ್ಕಾ!"

"ಮೂಕಪ್ರಾಣಿ ನೋಡವಾ, ಯಾರನ್ನ ಹಚ್ಚಿಕೋತಾವೋ ಯಾರಿಗ್ಗೊತ್ತು," ಎಂದು ಕಸ್ತೂರಕ್ಕ ಚಹಾದ ಬಟ್ಟಲು ಎತ್ತಿಕೊಂಡಳು.

ಪ್ರಭಾವತಿ ಮತ್ತೊಮ್ಮೆ ಕೈ ನೀಡಿದಳು. ಅದು ತಲೆ ತಗ್ಗಿಸಿ ಹಾಯ್ದೇಬಿಟ್ಟಿತು. ಬೆರಳಲ್ಲಿ ರಕ್ತ ಜಿನುಗಿತು. ಆ ಕೊಂಬುಗಳನ್ನು ಅಷ್ಟು ಚೂಪು ಮಾಡಿದ್ದು ಅವಳೇ.