ಜೇಬಿನಲ್ಲಿದ್ದ ಫ್ಯೂಸ್

“ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಂಡಿದೀನಿ. ತಂತಿಗೆ ಕೈ ಹಾಕು,” ಎಂದರು ಮಾವ.

ಪುಕ್ಕಲಿ ಕೈ ಹಾಕಲಿಲ್ಲ. ಲಾಂಡ್ರಿಯಲ್ಲಿ ಕೆಟ್ಟು ನಿಂತಿದ್ದ ದೊಡ್ಡ ಒಗೆಯುವ ಯಂತ್ರದ ಹಿಂದೆ, ಗೋಡೆಗೂ ಯಂತ್ರಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಅವಳು ಕುಕ್ಕರುಗಾಲಲ್ಲಿ ಕೂತಿದ್ದಳು. ನೆಲವೆಲ್ಲ ಒದ್ದೆ. ಎದುರಿಗೆ ಮುಚ್ಚಳ ಬಿಚ್ಚಿದ ಪೆಟ್ಟಿಗೆ, ಅದರೊಳಗೆ ಸಡಿಲಗೊಂಡು ಕಪ್ಪಾದ ತಂತಿಗಳು. ಅವನ್ನು ಕತ್ತರಿಸಿ ಹೊಸದಾಗಿ ಕೂರಿಸಿದರೆ ಆಯಿತು, ಇವತ್ತೇ ಸಹಿ ಎಂದು ಮಾವ ಬೆಳಿಗ್ಗೆ ಮಾತು ಕೊಟ್ಟಿದ್ದರು. ಅರ್ಜಿಗೆ ಅವರ ಸಹಿ ಬಿದ್ದರೆ ಅವಳಿಗೆ ಎಲೆಕ್ಟ್ರಿಷಿಯನ್ ಲೈಸೆನ್ಸ್. ಬೀಳದಿದ್ದರೆ ಇಷ್ಟು ವರ್ಷ ಅವರ ಹಿಂದೆ ಏಣಿ ಹೊತ್ತದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಗುಡುಗಿಗೆ ಕಿವಿ ಮುಚ್ಚಿಕೊಳ್ಳುವವಳು, ಎರಡು ಮಕ್ಕಳ ತಾಯಿ, ಹೊಲಿಗೆ ಬಿಟ್ಟು ಕರೆಂಟಿನ ಕೆಲಸ ಕಲಿಯುತ್ತಾಳಂತೆ ಎಂದು ಬಂಧುಬಳಗವೆಲ್ಲ ನಕ್ಕಿತ್ತು. ತನ್ನ ತಮ್ಮನಾದ ಮಾವನನ್ನು ಕಾಡಿ ಬೇಡಿ ಮಗಳನ್ನು ಕೆಲಸಕ್ಕೆ ಸೇರಿಸಿದ್ದು ಅವಳಮ್ಮ. ಪುಕ್ಕಲಿ ಎಂದು ಹೆಸರಿಟ್ಟದ್ದು ಮಾವನೇ. ಹೆಸರಿಟ್ಟವರೇ ಪಾಠವನ್ನೂ ಹೇಳಿದ್ದರು: ಕರೆಂಟಿಗೆ ನೆಂಟಸ್ತನ ಗೊತ್ತಿಲ್ಲ, ಯಾರು ಆಫ್ ಮಾಡಿದೀನಿ ಅಂದ್ರೂ ನೀನು ನೋಡಿಯೇ ಮುಟ್ಟು. ಆದರೆ ಪಾಠ ಹೇಳುವುದು ಬೇರೆ, ಅದನ್ನು ತಮ್ಮ ಮೇಲೇ ಪ್ರಯೋಗಿಸಿದಾಗ ಸಹಿಸುವುದು ಬೇರೆ. ಹೋದ ತಿಂಗಳು ಒಂದು ಮನೆಯಲ್ಲಿ ಅವರು ಆಫ್ ಮಾಡಿದ್ದನ್ನು ಅವಳು ಮತ್ತೆ ಪರೀಕ್ಷಿಸಿದಳು. “ಶಿಷ್ಯೆಗೇ ನಂಬಿಕೆ ಇಲ್ಲ, ನಾವು ಹೇಗೆ ನಂಬೋದು ಮೇಸ್ತ್ರಿ?” ಎಂದು ಮನೆಯವರು ನಕ್ಕರು. ಅವತ್ತೇ ಆಗಬೇಕಿದ್ದ ಸಹಿ ತಪ್ಪಿಹೋಯಿತು.

“ಎಷ್ಟೊತ್ತು ಮೇಸ್ತ್ರಿ?” ಯಂತ್ರದ ಆಚೆಯಿಂದ ಲಾಂಡ್ರಿ ಯಜಮಾನ ಕೂಗಿದ. “ಆಸ್ಪತ್ರೆ ಬೆಡ್‌ಶೀಟು ರಾಶಿ ಬಿದ್ದಿದೆ.”

“ಆಯ್ತು, ಆಯ್ತು.” ಮಾವ ಅವಳತ್ತ ಬಗ್ಗಿ ದನಿ ತಗ್ಗಿಸಿದರು. “ಮತ್ತೆ ಶುರು ಮಾಡಿದ್ಯಾ? ನನ್ನ ಮಾತಿಗೆ ಇಷ್ಟೇನಾ ಬೆಲೆ?”

“ಹಾಗಲ್ಲ ಮಾವ. ಒಂದ್ಸಲ ಟೆಸ್ಟರ್ ಇಟ್ಟು…”

“ಇಡು. ಇಟ್ಕೊಂಡು ಕೂತ್ಕೋ. ಸಹಿ ಬೇರೆಯವರ ಹತ್ರ ಹಾಕಿಸ್ಕೋ.”

ಅತ್ತ ದರಿ, ಇತ್ತ ಪುಲಿ. ಅವಳಿಗೆ ಭಯವಾಯಿತು. ತಂತಿಯ ಭಯ ಹಳೆಯದು, ಅಭ್ಯಾಸವಾದದ್ದು. ಇದು ಮಾವನ ಭಯ. ಇಷ್ಟು ಕೆಲಸ ಕಲಿಸಿದವರು, ಅಮ್ಮನ ಒಡಹುಟ್ಟಿದವರು, ಸುಳ್ಳು ಯಾಕೆ ಹೇಳುತ್ತಾರೆ? ಕೈ ಹಾಕಿಬಿಡಲೇ ಎಂದೂ ಅನಿಸಿತು. ಕೈ ಮಾತ್ರ ಮುಂದಕ್ಕೆ ಹೋಗಲೊಲ್ಲದು.

“ಸರಿ ಸರಿ, ನಾನೇ ತೋರಿಸ್ತೀನಿ,” ಎಂದು ಮಾವ ಅವಳ ಹೆಗಲ ಮೇಲಿಂದ ಬರಿಗೈ ಚಾಚಿದರು. ಅವಳು ಯೋಚಿಸಲಿಲ್ಲ. ಎಡ ಮೊಣಕೈಯಿಂದ ಅವರ ತೋಳನ್ನು ಹಿಂದಕ್ಕೆ ತಳ್ಳಿ, ಬಲಗೈಯ ಟೆಸ್ಟರನ್ನು ತಂತಿಗಿಟ್ಟಳು.

ಟೆಸ್ಟರಿನ ಪುಟ್ಟ ದೀಪ ಕೆಂಪಗೆ ಹತ್ತಿತು.

ಇಬ್ಬರೂ ಅದನ್ನೇ ನೋಡಿದರು. ಮಾವನ ಉಸಿರು ಅವಳ ಕಿವಿಗೆ ಬಡಿಯುತ್ತಿತ್ತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಇಸ್ತ್ರಿಯವನು ಬಂದು, “ಕರೆಂಟ್ ಹೋಯ್ತಾ? ನನ್ನ ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿದೆ,” ಎಂದು ಯಜಮಾನನನ್ನು ಕೇಳಿದ್ದು ಕೇಳಿಸಿತು. ಮಾವ ಕಿತ್ತದ್ದು ಇಸ್ತ್ರಿ ಕೋಣೆಯ ಫ್ಯೂಸನ್ನು.

“ಬೇಕಂತಲೇ ಕಿತ್ತಿದ್ದು,” ಮಾವ ಎದ್ದು ನಿಂತು ಯಜಮಾನನಿಗೆ ಹೇಳಿದರು. ದನಿ ಸ್ವಲ್ಪ ಜೋರಾಗಿಯೇ ಇತ್ತು. “ಹುಡುಗಿಗೆ ಕಡೇ ಪರೀಕ್ಷೆ. ನನ್ನ ಮಾತನ್ನೂ ನಂಬದೆ ನೋಡ್ತಾಳಾ ಅಂತ. ಪಾಸಾದ್ಳು.”

“ಭಲೇ ಗುರುಗಳು,” ಎಂದು ಯಜಮಾನ ನಕ್ಕ. ಪುಕ್ಕಲಿಯೂ ನಕ್ಕಳು. ನಗದಿದ್ದರೆ ಮಾವನ ಮಾನ ಉಳಿಯುತ್ತಿರಲಿಲ್ಲ. ಮಾವ ಜೇಬಿನ ಫ್ಯೂಸ್ ತೆಗೆದು ಅವಳ ಅಂಗೈಗೆ ಹಾಕಿದರು. ಅದು ಬೆವರಿನಿಂದ ಒದ್ದೆಯಾಗಿತ್ತು. ಅವಳೇ ಹೋಗಿ ಅದನ್ನು ಅದರ ಜಾಗದಲ್ಲಿಟ್ಟು, ಸರಿಯಾದದ್ದನ್ನು ಕಿತ್ತು, ಮತ್ತೆ ಟೆಸ್ಟರ್ ಇಟ್ಟು ನೋಡಿ ಕೆಲಸ ಮುಗಿಸಿದಳು. ಮಾವ ಬಟ್ಟೆಗಂಟಿನ ಮೇಲೆ ಕೂತು ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಗಾಡಿಯಲ್ಲಿ ಕೂತ ಮೇಲೆ, ಕೇಳುವ ಮೊದಲೇ ಸಹಿ ಹಾಕಿಕೊಟ್ಟರು. ಅವಳಿಗೆ ಎಷ್ಟು ಸಂತೋಷವಾಗಬೇಕಿತ್ತೋ ಅಷ್ಟು ಆಗಲಿಲ್ಲ. ಗಾಡಿ ಮುಖ್ಯರಸ್ತೆಗೆ ಬಂದಾಗ ಮಧ್ಯಾಹ್ನವಾಗಿತ್ತು.

“ಇವತ್ತಿಂದು ಮನೇಲಿ ಹೇಳ್ಬೇಡ,” ಎಂದರು ಮಾವ, ರಸ್ತೆ ನೋಡುತ್ತಲೇ. “ಈಚೆಗೆ ಒಂದೊಂದ್ಸಲ ಹಾಗೆ ತಪ್ಪಾಗತ್ತೆ.”

“ಹೇಳಲ್ಲ ಮಾವ.” ಸಹಿ ಬಿದ್ದ ಅರ್ಜಿಯನ್ನು ಮಡಿಸುತ್ತ ಕೇಳಿದಳು, “ನಿನ್ನೆ ಮಗೂಗೆ ಜ್ವರ ಅಂತ ನಾನು ಬರಲಿಲ್ವಲ್ಲ. ನೀವೊಬ್ರೇ ಎಲ್ಲಿ ಕೆಲಸ ಮಾಡಿದ್ರಿ?”

“ದೊಡ್ಡ ಕೆಲಸ ಏನಿಲ್ಲ. ನಿಮ್ಮಮ್ಮನ ಮನೇಲಿ. ಬಚ್ಚಲುಮನೆ ಗೀಸರ್‌ಗೆ ಹೊಸ ವೈರ್ ಎಳೆದೆ. ಅಕ್ಕಂಗೆ ಮಂಡಿನೋವು. ಇವತ್ತು ಮಧ್ಯಾಹ್ನ ಕಾಯಿಸ್ಕೊಂಡು ಚೆನ್ನಾಗಿ ನೀರು ಹಾಕ್ಕೋತೀನಿ ಅಂತಿದ್ಳು.”

ಪುಕ್ಕಲಿ ಫೋನ್ ತೆಗೆದು ಅಮ್ಮನ ನಂಬರ್ ಒತ್ತಿದಳು. ಗಾಡಿಯ ಸದ್ದಿನಲ್ಲೂ ಅದು ರಿಂಗಾಗುವುದು ಇಬ್ಬರಿಗೂ ಕೇಳಿಸುತ್ತಿತ್ತು. ಯಾರೂ ಎತ್ತದೆ ನಿಂತಿತು. ಮತ್ತೆ ಒತ್ತಿದಳು. ಮಾವ ಮುಂದಿನ ತಿರುವಿನವರೆಗೂ ಕಾಯದೆ, ನಡುರಸ್ತೆಯಲ್ಲೇ ಗಾಡಿಯನ್ನು ಅಕ್ಕನ ಮನೆ ಕಡೆಗೆ ತಿರುಗಿಸಿದರು.