ಗೂಡಿನ ಸದ್ದು

ನರಸಿಂಹಪ್ಪ ಮತ್ತು ಮೋಹನ್‌ಬಾಬು ಒಂದೇ ಮೂಟೆಯ ಎರಡು ಮೂಲೆ ಹಿಡಿದು ಜಗ್ಗುತ್ತಿದ್ದರು. ನಡುವೆ ಕಾನ್‌ಸ್ಟೇಬಲ್ ಸಾಬ್ರೀನ್. ಇಬ್ಬರೂ ಒಂದೇ ಆಟೋದಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ತಂದವರು. ಗೂಡು ಕೊಳ್ಳಲು ಬಂದಿದ್ದ ಅವಳ ಅಪ್ಪ, ನೂಲು ತೆಗೆಯುವ ಸಾದಿಕ್ ಪಾಷಾ, ಮಗಳನ್ನು ಕಂಡದ್ದೇ ಕಂಬದ ಮರೆಗೆ ಸರಿದರು. ಅವಳಿಗೆ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸವೆಂದೇ ಅವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

“ಹುಳ ಗೂಡು ಕಟ್ಟೋಕೆ ಬಿಟ್ಟು ಎಷ್ಟು ದಿನಕ್ಕೆ ಬಿಡಿಸಿದ್ರಿ?” ಎಂದು ಕೇಳಿದಳು ಸಾಬ್ರೀನ್.

“ಆರು ದಿನಕ್ಕಮ್ಮ,” ಎಂದರು ನರಸಿಂಹಪ್ಪ. ಮೋಹನ್‌ಬಾಬು ತಲೆ ಕೆರೆದುಕೊಂಡ. “ರೇಟು ಬಿದ್ದೋಗುತ್ತೆ ಅಂತ ನಾನು ನಾಲ್ಕಕ್ಕೇ ಬಿಡಿಸ್ಬಿಟ್ಟೆ ಮೇಡಂ.”

ಅವಳು ಮೂಟೆಯಿಂದ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಆಮೇಲೆ ಇನ್ನೊಂದು. ಎರಡೂ ಒಂದೇ ಹುಣಸೆಬೀಜ ಹಾಕಿದ ಡಬ್ಬಿಯಂತೆ ಸದ್ದು ಮಾಡಿದವು. “ಒಳಗೆ ಹುಳ ಗಟ್ಟಿಯಾಗಿದೆ. ನಾಲ್ಕು ದಿನದ್ದಾದ್ರೆ ಸದ್ದೇ ಬರಲ್ಲ. ಇದು ನರಸಿಂಹಪ್ಪನೋರದ್ದು. ನಿಮ್ದು ಆಟೋದಲ್ಲೇ ಉಳ್ಕೊಂಡಿರ್ಬೇಕು, ನೋಡಿ ಅಣ್ಣ.”

ಮೋಹನ್‌ಬಾಬುವಿನ ಮೂಟೆ ಆಟೋದಲ್ಲಿ ಖಾಲಿ ಚೀಲಗಳ ಅಡಿ ಸಿಕ್ಕಿತು. “ಇದನ್ನೂ ಪೊಲೀಸ್ ಟ್ರೈನಿಂಗಲ್ಲಿ ಹೇಳ್ಕೊಡ್ತಾರಾ?” ಎಂದು ಯಾರೋ ನಗುತ್ತ ಕೇಳಿದರು.

ಸಾಬ್ರೀನ್ ಬಾಯಿ ತೆರೆಯುವ ಮೊದಲೇ ಕಂಬದ ಮರೆಯಿಂದ ಉತ್ತರ ಬಂತು. “ಇಲ್ಲಪ್ಪ, ನಾನು ಹೇಳ್ಕೊಟ್ಟಿದ್ದು. ಅವಳು ನನ್ನ ಮಗಳು.”