ಬೇಲಿಯಾಚೆಯ ಸಾಕ್ಷಿ

"ಹದಿಮೂರು," ಅಂದ ಡೆಲ್ಮರ್.

ಮೇಜಿನ ಆಚೆ ಕೂತಿದ್ದ ಮಾರ್ಲಿಸ್ ಪೆನ್ನು ಎತ್ತಿದಳು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಆ ಕೌಂಟಿಯಲ್ಲಿ, ಏಪ್ರಿಲ್‌ನ ಹಿಮಗಾಳಿಗೆ ಕರು ಕಳೆದುಕೊಂಡವರಿಗೆಲ್ಲ ಸರ್ಕಾರದ ಪರಿಹಾರ ಬರೆದುಕೊಡುವವಳು ಅವಳೇ. ಡೆಲ್ಮರನ ಪಕ್ಕ ಕೂತಿದ್ದ ಆರ್ವಲ್ ತನ್ನ ಅರ್ಜಿಯಲ್ಲಿ ಹದಿನಾಲ್ಕು ಕರು ಸತ್ತವು ಎಂದು ಬರೆದಿದ್ದ. ಕಣ್ಣಾರೆ ಕಂಡ ಸಾಕ್ಷಿ ಬೇಕು, ಅವನು ನೆಂಟನಾಗಿರಬಾರದು ಎಂಬುದು ನಿಯಮ. ಗಾಳಿಗೆ ಬೆನ್ನು ಕೊಟ್ಟು ನಡೆದ ಆರ್ವಲನ ದನಕರುಗಳು ಬೇಲಿ ಮುರಿದುಕೊಂಡು ಹೋಗಿ ಬಿದ್ದದ್ದು ನೆರೆಯವನಾದ ಡೆಲ್ಮರನ ಹೊಲದ ತಗ್ಗಿನಲ್ಲಿ. ನೋಡಿದವನೂ ಅವನೇ, ಹೂತವನೂ ಅವನೇ. ಗ್ರಹಚಾರ ನೋಡಿ, ಇಡೀ ಕೌಂಟಿಯಲ್ಲಿ ಆರ್ವಲ್ ಮಾತು ಬಿಟ್ಟಿದ್ದದ್ದೂ ಅವನೊಬ್ಬನ ಜೊತೆಗೇ.

ಹಿಂದೊಮ್ಮೆ ಡೆಲ್ಮರನ ಗೂಳಿ ಬೇಲಿ ಹಾರಿ ಬಂದು ಆರ್ವಲನ ಹಸುಗಳ ಜೊತೆ ಸಂಸಾರ ಹೂಡಿತ್ತು. ಅಲ್ಲಿಂದಾಚೆ ಆರ್ವಲನ ಮಂದೆಯಲ್ಲಿ ಆಗಾಗ ಆ ಗೂಳಿಯದೇ ಸೊಟ್ಟಮೂತಿ ಹೊತ್ತ ಕರುಗಳು ಹುಟ್ಟುತ್ತಲೇ ಇದ್ದವು, ಜಗಳವೂ ಆರದೆ ಉಳಿದಿತ್ತು. ಆ ಸೀಮೆಯಲ್ಲಿ ಎದುರು ಬರುವ ಗಾಡಿಗೆ ನಮಸ್ಕಾರವೆಂದು ಸ್ಟೀರಿಂಗಿನಿಂದ ಒಂದು ಬೆರಳು ಎತ್ತದವನು ಮನುಷ್ಯನೇ ಅಲ್ಲ. ದಾರಿ ತಪ್ಪಿ ಬಂದ ಅಪರಿಚಿತನಿಗೂ ಎತ್ತುತ್ತಾರೆ. ಇವರಿಬ್ಬರು ಮಾತ್ರ ಎದುರಾದಾಗ ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಆಕಾಶ ನೋಡುತ್ತಾ ದಾಟಿಹೋಗುತ್ತಿದ್ದರು.

ಲೆಕ್ಕ ತಾಳೆಯಾಗದಿದ್ದರೆ ಇಡೀ ಅರ್ಜಿಯೇ ವಾಪಸ್, ಇವತ್ತೇ ಕೊನೆಯ ದಿನ ಎಂದಳು ಮಾರ್ಲಿಸ್. ಪರಿಹಾರ ಬರದಿದ್ದರೆ ಉಳಿದ ಹಸುಗಳನ್ನೂ ಮಾರಬೇಕಾದೀತು ಎಂದು ಆರ್ವಲನಿಗೆ ಗೊತ್ತಿತ್ತು.

"ಒಂದು ಕರು ಕಮ್ಮಿ ಹೇಳಿ ಸೇಡು ತೀರಿಸ್ಕೋತಿದಾನೆ ನೋಡಮ್ಮ," ಅಂದ ಆರ್ವಲ್, ಡೆಲ್ಮರನ ಕಡೆ ತಿರುಗದೆ. "ನನ್ನ ಮಂದೇಲಿ ಹದಿನಾಲ್ಕು ಕರು ಕಾಣ್ತಿಲ್ಲ. ಕಾಣ್ತಿಲ್ಲ ಅಂದ್ರೆ ಸತ್ತಿವೆ ಅಂತ ತಾನೆ?"

"ನಾನು ಹೂತಿದ್ದು ಹದಿಮೂರು ಅಂತ ಅವನಿಗೆ ಹೇಳಮ್ಮ," ಅಂದ ಡೆಲ್ಮರ್, ಕಿಟಕಿ ನೋಡುತ್ತಾ. ಅವನ ಕಿವಿ ಕೆಂಪಾಗಿತ್ತು.

ನಡುವೆ ಅಂಚೆ ಹಂಚುವ ಕೆಲಸ ತನ್ನದಲ್ಲ, ಹೊರಗೆ ಹೋಗಿ ಇಬ್ಬರೂ ಒಂದು ಮಾತಿಗೆ ಬನ್ನಿ, ಐದಕ್ಕೆ ಬಾಗಿಲು ಹಾಕುತ್ತೇನೆ ಎಂದು ಮಾರ್ಲಿಸ್ ಪೆನ್ನಿನ ಮುಚ್ಚಳ ಹಾಕಿದಳು. ಹೊರಗೆ ಡೆಲ್ಮರ್ ಸ್ವಲ್ಪ ಹೊತ್ತು ಬೂಟಿನಿಂದ ಮಣ್ಣು ಕೆದಕಿದ. ಆಮೇಲೆ "ಬಂದು ನೋಡು ಬಾ" ಎಂದಷ್ಟೇ ಹೇಳಿ ಗಾಡಿ ಹತ್ತಿದ. ಆರ್ವಲ್ ದಾರಿಯುದ್ದಕ್ಕೂ ಬೈದುಕೊಳ್ಳುತ್ತಲೇ ಹಿಂಬಾಲಿಸಿದ.

ಡೆಲ್ಮರನ ಬಚ್ಚಲುಮನೆಯ ತೊಟ್ಟಿಯಲ್ಲಿ ಹಳೇ ಕೋಟು ಹೊದ್ದುಕೊಂಡು ಒಂದು ಕರು ಮಲಗಿತ್ತು. ಕಿವಿಯಲ್ಲಿ ಆರ್ವಲನ ಮಂದೆಯದೇ ಗುರುತಿನ ಹಳದಿ ಬಿಲ್ಲೆ. ಡೆಲ್ಮರನನ್ನು ಕಂಡದ್ದೇ ತಡಬಡಾಯಿಸಿ ಎದ್ದು ಅವನ ಹೆಬ್ಬೆರಳು ಚೀಪತೊಡಗಿತು.

"ಉಸಿರಿತ್ತು. ಬಿಸಿನೀರಲ್ಲಿ ಇಟ್ಟೆ, ಬದುಕ್ತು," ಅಂದ ಡೆಲ್ಮರ್. "ವಾಪಸ್ ಕೊಡೋಣ ಅಂದ್ರೆ ನಿನ್ನ ಮಾತಾಡಿಸ್ಬೇಕಲ್ಲ. ದಿನ ಕಳೀತಾ ದನಗಳ್ಳ ಅಂದ್ಬಿಡ್ತೀಯೇನೋ ಅಂತ ಹೆದ್ರಿಕೆ ಆಯ್ತು ಕಣಯ್ಯ."

ಬೈಯಬೇಕೆಂದು ಬಂದಿದ್ದ ಆರ್ವಲನಿಗೆ ಹಿಮದಲ್ಲಿ ಹೋದವನ್ನೆಲ್ಲ ನೆನೆದು ಕಣ್ಣು ತುಂಬಿತು. ಬಗ್ಗಿ ಕರುವಿನ ಮುಖ ಹಿಡಿದು ಅತ್ತಿತ್ತ ತಿರುಗಿಸಿದ.

"ಈ ಸೊಟ್ಟಮೂತಿ ನೋಡು. ನಿನ್ನ ಗೂಳಿ ವಂಶವೇ. ಇದನ್ನ ಯಾವ ಬಾಯಲ್ಲಿ ನಂದು ಅನ್ಲಿ? ನೀನೇ ಇಟ್ಕೋ."

ಐದಕ್ಕೆ ಬಾಗಿಲು ಹಾಕುವ ಮೊದಲೇ ಆರ್ವಲ್ ಆಫೀಸಿಗೆ ಹೋಗಿ ಹದಿಮೂರಕ್ಕೆ ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಮಣ್ಣುರಸ್ತೆಯಲ್ಲಿ ಇಬ್ಬರ ಗಾಡಿಗಳೂ ಎದುರಾದವು. ಆರ್ವಲ್ ಒಂದು ಬೆರಳು ಎತ್ತಿದ. ಡೆಲ್ಮರನ ಒಂದು ಕೈ ಸ್ಟೀರಿಂಗ್ ಮೇಲಿತ್ತು, ಇನ್ನೊಂದು ಪಕ್ಕದ ಸೀಟಿನಲ್ಲಿದ್ದ ಕರುವಿನ ಕೊರಳು ಬಳಸಿತ್ತು. ಬೆರಳಿಗೆ ಬಿಡುವಿಲ್ಲದೆ, ಅವನು ಕರುವಿನ ಮುಂಗಾಲನ್ನೇ ಹಿಡಿದು ಗಾಜಿನ ಹತ್ತಿರ ಎತ್ತಿ ತೋರಿಸಿದ.